ದ್ಯಾಮವ್ವ ಬರೆದ ಅಡುಗೆಮನೆ

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ನಿಜಗುಣಜ್ಜ ಎಂಬ ಗುರುಗಳಿದ್ದರು. ಅವರು ಮಂತ್ರ ಹೇಳಿಕೊಟ್ಟದ್ದಕ್ಕಿಂತ ಬಣ್ಣ ಅರೆಯುವುದನ್ನು ಹೇಳಿಕೊಟ್ಟದ್ದೇ ಹೆಚ್ಚು.

ಒಂದು ವರ್ಷ ಅವರು ಊರವರನ್ನೆಲ್ಲ ಕರೆದು, ಕೈಗೊಂದು ಹಾಳೆ, ಒಂದು ಕುಂಚ ಕೊಟ್ಟರು.

"ನಿಮ್ಮ ನಿಮ್ಮ ಮನಿ ಒಳಗ ಹ್ಯಾಂಗದ ಬರೀರಿ. ಹೊರಗಿನವರಿಗೆ ಕಾಣದ್ದನ್ನ ಬರೀರಿ. ಎಲ್ಲಾ ಪಡಸಾಲ್ಯಾಗ ತೂಗುಹಾಕೂಣು, ಒಬ್ಬರ ಮನಿ ಒಬ್ಬರು ನೋಡೂಣು."

ಮೂವತ್ತು ಚಿತ್ರಗಳು ಬಂದವು. ಊರಿನ ಬಸ್ ಕಂಡಕ್ಟರ್ ತನ್ನ ಮನೆಯೆಂದು ಬರೀ ಒಂದು ಹಾಸಿಗೆ ಬರೆದಿದ್ದ. ನರ್ಸಮ್ಮ ಬರೆದದ್ದು ಒಂದು ಕಿಟಕಿ, ಒಂದೇ ಕುರ್ಚಿ.

ತೂಗುಹಾಕುವ ಕೆಲಸ ಶಿಷ್ಯ ಕಲ್ಮೇಶನ ಪಾಲಿಗೆ ಬಂತು. ಅವನು ಶಹರದಲ್ಲಿ ಚಿತ್ರಕಲೆ ಕಲಿತು ಬಂದವನು. ಸೊಟ್ಟ ಗೆರೆ ಕಂಡರೆ ಕೈ ತುರಿಸುತ್ತಿತ್ತು. ಮನುಷ್ಯ ಮಾತ್ರ ಬಹಳ ಒಳ್ಳೆಯವನು, ತೊಂದರೆಯೆಲ್ಲ ಬಂದದ್ದು ಅದರಿಂದಲೇ.

ಕೊನೆಯ ಚಿತ್ರ ದ್ಯಾಮವ್ವನದು. ಇಪ್ಪತ್ತು ವರ್ಷದಿಂದ ಆಶ್ರಮಕ್ಕೆ ಅಡುಗೆ ಮಾಡುವವಳು. ಅಡುಗೆಮನೆಯೇ ಅವಳ ಮನೆ. ಅರವತ್ತರ ವಯಸ್ಸಿನಲ್ಲಿ ಮೊದಲ ಸಲ ಕುಂಚ ಹಿಡಿದಿದ್ದಳು. ಒಲೆ, ಕೊಡ, ಹಿಟ್ಟಿನ ಡಬ್ಬಿ, ಮೂರು ಕಡೆ ಗೋಡೆ. ಗಡಿಗೆಯ ತಳದ ಮಸಿಯನ್ನೇ ಹಚ್ಚಿ ಒಲೆಯ ಹಿಂದಿನ ಗೋಡೆಯನ್ನು ಕಪ್ಪು ಮಾಡಿದ್ದಳು.

ಬಾಗಿಲೇ ಇರಲಿಲ್ಲ.

"ಪಾಪ, ಮರ್ತಾಳ" ಎಂದುಕೊಂಡ ಕಲ್ಮೇಶ. ಕೆಮ್ಮಣ್ಣು ಕಲಸಿ, ಹಿಂದಿನ ಗೋಡೆಯಲ್ಲಿ ಒಂದು ಚೆಂದದ ಬಾಗಿಲು ಬರೆದ. ಚಿಲಕವನ್ನೂ ಬರೆದ.

ಮಧ್ಯಾಹ್ನ ದ್ಯಾಮವ್ವ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು. ಚಿತ್ರಗಳ ಸಾಲನ್ನು ಎರಡು ಸಲ ಸುತ್ತಿದಳು. ಬಾಗಿಲಿದ್ದ ಆ ಚಿತ್ರದ ಮುಂದೆ ನಿಂತಳು.

"ಇದು ಯಾರ ಅಡಗಿಮನಿ?"

"ನಿಮ್ಮದಾ ದೊಡ್ಡವ್ವ! ಬಾಗಲಾ ಒಂದು ಬಿಟ್ಟಿದ್ರಿ. ನಾ ಹಾಕೇನಿ."

ಅವಳು ಚಿಲಕದ ಮೇಲೆ ಬೆರಳಿಟ್ಟು ನೋಡಿದಳು.

"ಹೌದೇನು" ಎಂದು ಹೊರಟುಹೋದಳು.

ಅಲ್ಲಿಂದ ನೇರ ಗುರುಗಳ ಹತ್ತಿರ ಹೋಗಿ, ತೊಳೆದು ಒಣಗಿಸಿದ್ದ ಕುಂಚವನ್ನು ಮುಂದಿಟ್ಟಳು.

"ತಗೋರಿ ಅಜ್ಜಾರ. ನನಗ ಬರಂಗಿಲ್ಲ ಇದು. ಬರಂಗಿಲ್ಲಂತನ ನಿಮ್ಮ ಶಿಷ್ಯಾ ತಿದ್ದ್ಯಾನ."

ಗುರುಗಳು ಶಿಷ್ಯನನ್ನು ಕರೆಸಿದರು.

"ತೂಗುಹಾಕು ಅಂದ್ರ ಮನಿ ಕಟ್ಟಿ ಬಂದೀಯಲ್ಲೋ."

"ಬಾಗಲಾ ಇಲ್ಲದ ಮನಿ ರೀ ಅಜ್ಜಾರ. ನೋಡಿದರ ಉಸಿರುಗಟ್ಟತಿತ್ತು."

"ಯಾರಿಗೆ?"



ಗುರುಗಳು ಕುಂಚವನ್ನು ಅವನ ಕೈಗಿಟ್ಟರು. "ಆ ಚಿತ್ರಾನೂ ತಗೊಂಡು ಹೋಗು. ತಪ್ಪಾತು ಅಂತ ಕಾಲಿಗೆ ಬೀಳಬ್ಯಾಡ, ಆಕಿಗೆ ಕೆಲಸ ಭಾಳ ಅದ. ಬರಿವಾಗ ಎಲ್ಲಿ ಕುಂತಿದ್ದಿ ಅಂತ ಅಷ್ಟ ಕೇಳು. ಕುಂಚ ಆಕಿ ತಗೊಂಡಳೋ, ನಾಳೆ ಪಡಸಾಲಿ ಬಾಗಲಾ ತೆರೀತದ. ತಗೊಳ್ಳಲಿಲ್ಲೋ, ಇಪ್ಪತ್ತೊಂಬತ್ತು ಚಿತ್ರಾನೂ ಇಳಿಸು."

ಕಲ್ಮೇಶ ಚಿತ್ರವನ್ನು ಇಳಿಸಿಕೊಂಡು ಅಡುಗೆಮನೆಯ ಕಡೆ ನಡೆದ.

ದ್ಯಾಮವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ದೊಡ್ಡವ್ವ, ಇದನ್ನ ಬರಿವಾಗ ನೀವು ಎಲ್ಲಿ ಕುಂತಿದ್ರಿ?"

"ಇಲ್ಲೇ." ಅವಳು ತಲೆ ಎತ್ತಲಿಲ್ಲ. "ಮತ್ತೆಲ್ಲಿ ಕುಂದರ್ತೀನಿ?"

"ಹೊಸ್ತಿಲ ಮ್ಯಾಲೆ ಕುಂದರಬಾರದು ಅಂತಾರ..."

"ಅಂತಾರ. ನಾನೂ ಮೊದಲು ಒಳಗೇ ಕುಂದರತಿದ್ದೆ. ಬಂದ ಹೊಸದಾಗ ಒಂದಿನ ಎಲ್ಲಾರದೂ ಊಟ ಆಗಿತ್ತು. ಒಲಿ ಹಿಂದ ಕಟ್ಟಿಗಿ ಒಟ್ಟಾಕತಿದ್ದೆ. ಯಾರೋ ಬಂದು ಇಣಕಿ, ಯಾರೂ ಇಲ್ಲ ಅಂತ ಹೊಳ್ಳಿ ಹೋದ. ನಾ ಎದ್ದು ಬರೂದ್ರಾಗ ಬರೇ ಬೆನ್ನು ಕಂಡಿತು. ಕೂಗಿದೆ. ಹೊಳಿ ಸಪ್ಪಳದಾಗ ಅವಗ ಕೇಳಲಿಲ್ಲ."

ಮೊರ ಒಂದು ಕ್ಷಣ ನಿಂತಿತು.

"ಬುಟ್ಟಿ ತುಂಬ ರೊಟ್ಟಿ ಇದ್ದೂ ತಮ್ಮಾ. ಅವ ಹಸದು ಹೋದ. ಅವತ್ತಿನಿಂದ ಇಲ್ಲೇ ಕುಂದರ್ತೀನಿ."

ಅವಳು ಒತ್ತಿಗೆ ಸರಿದು ಜಾಗ ಕೊಟ್ಟಳು. ಕಲ್ಮೇಶ ಪಕ್ಕದಲ್ಲಿ ಕೂತು ಒಳಗೆ ನೋಡಿದ.

ಒಲೆ, ಕೊಡ, ಹಿಟ್ಟಿನ ಡಬ್ಬಿ, ಮೂರು ಕಡೆ ಗೋಡೆ. ಒಂದು ಗೆರೆಯೂ ತಪ್ಪಿರಲಿಲ್ಲ. ಬಾಗಿಲಿನಲ್ಲಿ ಕೂತವರಿಗೆ ಬಾಗಿಲು ಕಾಣುವುದಾದರೂ ಹೇಗೆ?

ಅವನಿಗೆ ನಾಚಿಕೆಯಾಯಿತು. ಕಣ್ಣೂ ತುಂಬಿತು.

"ನಾ ಕೇಳಬೇಕಿತ್ತು ದೊಡ್ಡವ್ವ."

"ಕೇಳಬೇಕಿತ್ತು" ಎಂದಳು ಅವಳು, ಬಿಟ್ಟುಕೊಡದೆ. ಆಮೇಲೆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ ನಕ್ಕೇಬಿಟ್ಟಳು. "ಒಲಿ ಹಿಂದ ಬಾಗಲಾ ಇಟ್ಟೀಯಲ್ಲೋ ಶಾಣ್ಯಾ! ಗಾಳಿ ಬೀಸಿ ಬೆಂಕಿ ಹತ್ತೂದ ಇಲ್ಲ. ನೀವೆಲ್ಲಾ ಹಸಿ ಹಿಟ್ಟು ತಿನ್ನಬೇಕು, ಅಷ್ಟ."

"ಅಳಿಸಿಬಿಡ್ಲೇನ್ರೀ?"

"ಬ್ಯಾಡ, ಮುಟ್ಟಬ್ಯಾಡ. ಕುಂಚ ಕೊಡಿಲ್ಲೆ."

ಎದ್ದು ಗಡಿಗೆಯ ತಳದ ಮಸಿ ಕೆರೆದುಕೊಂಡು ಬಂದಳು. ನಾಲ್ಕು ಹನಿ ನೀರು ಹಾಕಿ ಕಲಸಿದಳು. ಚೆಂದದ ಬಾಗಿಲು ಚಿಲಕದ ಸಮೇತ ಹೊಗೆ ಹಿಡಿದ ಗೋಡೆಯೊಳಗೆ ಕರಗಿಹೋಯಿತು.

ಮರುದಿನ ಬೆಳಿಗ್ಗೆ ಪಡಸಾಲೆ ತುಂಬಿತು. ಜನ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದಂತೆ ಚಿತ್ರದಿಂದ ಚಿತ್ರಕ್ಕೆ ನಡೆದರು. ಕಂಡಕ್ಟರ್ ನರ್ಸಮ್ಮನ ಕುರ್ಚಿಯ ಮುಂದೆ ನಿಂತು, "ಇನ್ನೊಂದು ಕುರ್ಚಿ ತರ್ಲೇನ್ರೀ?" ಎಂದು ಕೇಳಿದ. ಕೇಳಿದ, ಬರೆಯಲಿಲ್ಲ.

ಕಲ್ಮೇಶ ಮಾತ್ರ ದ್ಯಾಮವ್ವನ ಚಿತ್ರದ ಮುಂದೆ ನಿಂತವನು ಕದಲಲೇ ಇಲ್ಲ. ಅವನ ಬೆನ್ನ ಹಿಂದೆ ಸಾಲು ಬೆಳೆಯಿತು.

ಗುರುಗಳು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಸ್ವಲ್ಪ ಸರಿ ತಮ್ಮಾ. ಬಾಗಲದಾಗ ನಿಂತೀದಿ. ಹಿಂದ ಹಸದವರು ಬಂದಾರ."