ಗೀಜಗನ ಪಾಠಕ್ಕೆ ಗಿಳಿಯ ಹೂಂ

ಹಳ್ಳದ ದಂಡೆಯ ಈಚಲ ಮರದಲ್ಲಿ ಮುದಿ ಗೀಜಗವೊಂದು ಮರಿಗಳಿಗೆ ಗೂಡು ನೇಯುವುದನ್ನು ಕಲಿಸುತ್ತಿತ್ತು. ಒಂದು ದಿನ ಮರಿಗಳು, "ಗುರುಗಳೇ, ದಿನಾ ಹಳ್ಳ ದಾಟಿ ರೆಕ್ಕೆ ಸೋತುಹೋಗಿವೆ. ನೀವು ಇಲ್ಲಿಂದಲೇ ಕೂಗಿ ಹೇಳಿ, ನಾವು ಆಚೆ ದಂಡೆಯ ಜಾಲಿ ಮರದಲ್ಲಿ ಕೂತು ಕಲಿಯುತ್ತೇವೆ. ಪ್ರತಿ ಮಾತಿಗೂ ಹೂಂ ಅನ್ನುತ್ತೇವೆ," ಎಂದವು. ಗುರು ಒಪ್ಪಿತು.

ಮಾರನೆಯ ದಿನದಿಂದ ಗುರು ಗಂಟಲು ಹರಿಯುವಂತೆ ಕೂಗತೊಡಗಿತು. "ನಾರು ಸೀಳಿದಿರಾ?"

"ಹೂಂ."

"ಗಂಟು ಬಿಗಿದಿರಾ?"

"ಹೂಂ."

ಒಂದು ಹೂಂ ಕೂಡ ತಪ್ಪದಿದ್ದಾಗ ಗುರುವಿಗೆ ಅನುಮಾನ ಬಂತು. "ನಿಮ್ಮ ಮರಕ್ಕೆ ಹಾವು ಹತ್ತುತ್ತಿದೆ, ಕಂಡಿರಾ?" ಎಂದು ಕೂಗಿತು.

"ಹೂಂ," ಎಂದಿತು ದನಿ, ಅಷ್ಟೇ ತಣ್ಣಗೆ.

ಗುರು ಕೆಂಡವಾಗಿ ಹಾರಿ ಬಂತು. ಜಾಲಿಯಲ್ಲಿ ಗೂಡೂ ಇಲ್ಲ, ಮರಿಗಳೂ ಇಲ್ಲ. ಗಿಳಿಯೊಂದು ಜೋಳದ ತೆನೆ ಕುಕ್ಕುತ್ತ ಕೂತಿತ್ತು. "ಹೂಂ ಅನ್ನಲು ನನ್ನನ್ನು ಕೂರಿಸಿ ಮರಿಗಳು ಹೊಲಕ್ಕೆ ಹೋಗಿವೆ," ಎಂದಿತು.

ಸಂಜೆ ಮರಿಗಳು ಬಂದಾಗ ಗುರು ಅಬ್ಬರಿಸಿತು: "ನಾಚಿಕೆಗೆಟ್ಟವರೇ! ಮಳೆಗಾಲ ತಲೆಯ ಮೇಲೆ ಬಂದಿದೆ, ಎಲ್ಲಿ ನಿಮ್ಮ ಗೂಡು? ಎದುರಿಗೆ ಕೂತಿದ್ದಾಗ ಎಷ್ಟು ಚೆನ್ನಾಗಿ ಕಲಿಯುತ್ತಿದ್ದಿರಿ!"

ದೊಡ್ಡ ಮರಿಯೂ ಸಿಟ್ಟಿನಿಂದಲೇ ಹೇಳಿತು: "ಆಗಲೂ ನಮಗೆ ಬೆನ್ನು ಹಾಕಿ ನಿಮ್ಮ ಗೂಡನ್ನೇ ನೇಯುತ್ತಿದ್ದಿರಿ. ನಾವು ಹೂಂ ಅಂದರೆ ನಿಮಗೆ ಸಾಕಿತ್ತು. ನಮ್ಮ ಕೊಕ್ಕಿನಲ್ಲಿ ನಾರು ಇದೆಯೋ ಇಲ್ಲವೋ ಎಂದು ಒಂದು ದಿನವಾದರೂ ತಿರುಗಿ ನೋಡಿದಿರಾ?"

ಗುರುವಿನ ಪರವಾಗಿ ಗಿಳಿಯೇ "ಹೂಂ" ಎಂದಿತು.