ಎಲುಬಿನೊಳಗೆ ಬಲೆ ಹೆಣೆಯುವ ಮಾಚಿ

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಆಗ ದಡಾರ ಎಂಬ ಜ್ವರ ಮನಸ್ಸಾದಾಗಲೆಲ್ಲ ಬರುತ್ತಿತ್ತು. ಬಂದ ಮಗುವಿಗೇ ಮತ್ತೆ ಮತ್ತೆ ಬರುತ್ತಿತ್ತು.

ಮಗುವಿನ ಮೈಯೊಳಗೆ, ರಕ್ತದ ಹೊಳೆಯ ದಂಡೆಯಲ್ಲಿ, ಬಲೆ ಹೆಣೆಯುವ ಹೆಂಗಸರಿದ್ದರು. ಕಣ್ಣಿಗೆ ಕಾಣದಷ್ಟು ಚಿಕ್ಕವರು. ದಡಾರದ ಅಳತೆಗೆ ತಕ್ಕ ಬಲೆ ಹೆಣೆದು ಹೊಳೆಗೆ ಬಿಡುತ್ತಿದ್ದರು. ದಡಾರ ಸಿಕ್ಕಿಬೀಳುತ್ತಿತ್ತು. ಆದರೆ ದಂಡೆಯಲ್ಲಿ ಸೆಕೆ, ನೂಕುನುಗ್ಗಲು. ಹೊಳೆಯಲ್ಲಿ ತೇಲಿಬಂದ ಸಕ್ಕರೆ ಮುಕ್ಕುವುದು, ಹೆಣೆಯುವುದು, ಮುಕ್ಕುವುದು, ಹೆಣೆಯುವುದು. ಜ್ವರ ಇಳಿಯುವ ಹೊತ್ತಿಗೆ ಅವರೂ ಸವೆದು ಹೋಗುತ್ತಿದ್ದರು. ಬಲೆಯ ಅಳತೆಯೂ ಅವರೊಂದಿಗೇ ಹೋಗುತ್ತಿತ್ತು.

ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಮಾಚಿ. ಅವಳಿಗೆ ಪ್ರಶ್ನೆ ಜಾಸ್ತಿ.

"ಬೊಮ್ಮಕ್ಕ, ನಾವೆಲ್ಲ ಹೋದ ಮೇಲೆ ದಡಾರ ಬಂದರೆ ಮಗುವಿನ ಗತಿ?"

"ಕೈ ಆಡಲಿ, ಬಾಯಲ್ಲ," ಅಂದಳು ಪಕ್ಕದ ಬೊಮ್ಮಕ್ಕ. "ನಿನ್ನ ಬಲೆಯಲ್ಲಿ ಆನೆಯೂ ನುಸುಳೀತು."

ಮಾಚಿ ಹೊಳೆಯನ್ನು ಕೇಳಿದಳು. "ಹೊಳೆಯಮ್ಮ, ಸವೆಯದೆ ಉಳಿಯಲು ಎಲ್ಲಾದರೂ ತಂಪು ಜಾಗ ಉಂಟೇ?"

"ಎಲುಬಜ್ಜಿಯ ಒಳಮನೆ ತಂಪು. ಆದರೆ ಗಾಳಿ ಕಡಿಮೆ, ಯಾರೂ ನಿಲ್ಲುವುದಿಲ್ಲ."

ಮಾಚಿ ತೇಲಿಕೊಂಡು ಅಲ್ಲಿಗೇ ಹೋದಳು.

"ಇರುವುದಾದರೆ ಈ ಮನೆಯ ರೀತಿ ಕಲಿ," ಅಂದಳು ಎಲುಬಜ್ಜಿ. "ತುತ್ತು ನಾನು ಕೊಡುತ್ತೇನೆ. ಮುಕ್ಕಬೇಡ, ನಿಧಾನ ಅಗಿ. ಒಂದಿಷ್ಟನ್ನು ಒಳಗೇ ಉಳಿಸಿಕೋ. ಇಲ್ಲಿ ಮಕ್ಕಳುಮರಿ ಆಗುವುದಿಲ್ಲ. ಹೆಣೆದದ್ದನ್ನು ಹೊಸಿಲಿಂದಲೇ ಹೊಳೆಗೆ ಬಿಡಬೇಕು."

ಮಾಚಿ ಹಿಂತಿರುಗಿ ನೋಡಿದಳು. ದೂರದ ದಂಡೆಯಲ್ಲಿ ತನ್ನವರು ನಗುತ್ತಿದ್ದರು. ಮತ್ತೆ ಅಜ್ಜಿಯತ್ತ ತಿರುಗಿದಳು.

"ಅಜ್ಜಿ, ಮಗು ದೊಡ್ಡದಾಗುವವರೆಗೂ ನಾನು ಬದುಕುತ್ತೇನಾ?"

"ಗೊತ್ತಿಲ್ಲ ಮಗಳೇ. ಯಾರೂ ಉಳಿದು ನೋಡಿಲ್ಲ."

"ಹಾಗಾದರೆ ನೋಡೇಬಿಡೋಣ," ಎಂದು ಮಾಚಿ ಕಾಲು ಮಡಚಿ ಕೂತಳು.

ಮೊದಮೊದಲು ಉಸಿರು ಕಟ್ಟಿತು. ಆಮೇಲೆ ಉಸಿರೇ ಆ ಮನೆಗೆ ಒಗ್ಗಿತು. ಎದೆಯೊಳಗೆ ಒಂದು ಸಣ್ಣ ಉರಿ, ಜೋರಾಗದೆ, ಆರದೆ ನಿಂತಿತು.

ದಂಡೆಯವರು ಸವೆದು ಹೋದರು. ಬೊಮ್ಮಕ್ಕನೂ ಹೋದಳು. ಮಾಚಿ ಅತ್ತಳು, ಅಳುತ್ತಲೇ ಹೆಣೆದಳು.

ಒಂದು ದಿನ ದಡಾರ ಸಿಳ್ಳು ಹಾಕುತ್ತ ಬಂತು. "ಯಾರೂ ಇಲ್ಲ ತಾನೆ?" ಎಂದು ಹೊಳೆಗೆ ಕಾಲಿಟ್ಟಿತು. ಕಾಲಿಗೆ ಬಲೆ ಸುತ್ತಿತು. ಕೈಗೂ ಸುತ್ತಿತು.

"ಇದನ್ನು ಹಾಕಿದ್ದು ಯಾರು?"

ಎಲುಬಜ್ಜಿಯ ಒಳಮನೆಯಲ್ಲಿ ಮಾಚಿ ನಿಧಾನವಾಗಿ ತುತ್ತು ಅಗಿಯುತ್ತಿದ್ದಳು. ಹೊರಗೆ ಮಗು ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿತು.

ಅದಕ್ಕೇ ಇವತ್ತಿಗೂ, ಮನೆಯಲ್ಲಿ ಮಗುವಿಗೆ ದಡಾರ ಬಂದರೆ, ಚಿಕ್ಕಂದಿನಲ್ಲಿ ತನಗೂ ಅದು ಒಮ್ಮೆ ಬಂದುಹೋದ, ಎಲುಬಿನೊಳಗೆ ಮಾಚಿ ಇನ್ನೂ ಹೆಣೆಯುತ್ತಿರುವ ಅಜ್ಜಿ ಹೆದರದೆ ಹಾಸಿಗೆಯ ಪಕ್ಕ ಕೂತು, ಸುಡುವ ಹಣೆಗೆ ಕೆನ್ನೆ ತಾಗಿಸಿ, ಗಂಜಿ ಕುಡಿಸುತ್ತಾಳೆ.