ಅರ್ಧ ಶೇಡ್ ಕಮ್ಮಿ

ಆ ವರ್ಷ ತಿಪಟೂರಿನ ಹೆಂಗಸರಿಗೆಲ್ಲ ಪಿಸ್ತಾ ಬಣ್ಣದ ಹುಚ್ಚು ಹಿಡಿದಿತ್ತು. ಮ್ಯಾಚಿಂಗ್ ಸೆಂಟರಿನ ಮಾಲೀಕರ ಅತ್ತಿಗೆ ವಿಶಾಲಾಕ್ಷಮ್ಮನವರೂ ಒಂದು ಪಿಸ್ತಾ ಸೀರೆ ತಂದು ಕೌಂಟರಿನ ಮೇಲೆ ಹರವಿದರು. ಅಂಚಿಲ್ಲ, ಹೂವಿಲ್ಲ, ಇಡೀ ಸೀರೆ ಒಂದೇ ಬಣ್ಣ.

“ಇದಕ್ಕೆ ಹೊಂದೋ ಬ್ಲೌಸ್ ಪೀಸ್ ತೆಗಿ. ಅರ್ಧ ಶೇಡ್ ಹೆಚ್ಚುಕಮ್ಮಿ ಆದ್ರೂ ನನ್ನ ಕಣ್ಣಿಗೆ ಗೊತ್ತಾಗುತ್ತೆ.”

ಅಂಗಡಿಯಾಳು ಹದಿನೆಂಟು ತುಂಡು ತೋರಿಸಿದ. ಒಂದು ಮಂಕಂತೆ, ಇನ್ನೊಂದು ಗಾಢವಂತೆ, ಮತ್ತೊಂದು ಆಸ್ಪತ್ರೆ ಪರದೆಯಂತೆ. ಕೊನೆಗೆ ಅಮ್ಮನವರು ಸೆರಗು ಕೈಯಲ್ಲಿ ಹಿಡಿದೇ ಸಿಡುಕಿದರು.

“ನಮ್ಮ ಮೈದುನ ನಿನ್ನನ್ನ ಯಾಕೆ ಇಟ್ಕೊಂಡಿದ್ದಾನೋ! ಇವತ್ತೇ ಕೆಲಸದಿಂದ ತೆಗೆಸ್ತೀನಿ.”

ಹನ್ನೊಂದು ವರ್ಷದ ಅನ್ನ ಅರ್ಧ ಶೇಡಿನ ಮೇಲೆ ನಿಂತಿತ್ತು. ಅವನು ಬಟ್ಟೆಯ ರಾಶಿಯೊಳಗೆ ಕೈಹಾಕಿ, ಒಂದು ತುದಿ ಎಳೆದು, ನೀಟಾಗಿ ಮಡಿಸಿ ಅವರ ಕೈಲಿದ್ದ ಸೆರಗಿನ ಪಕ್ಕದಲ್ಲಿಟ್ಟ.

“ಇದೊಂದು ನೋಡಿ, ಅಮ್ಮಾ.”

ವಿಶಾಲಾಕ್ಷಮ್ಮ ಬಾಗಿಲ ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದರು. “ಥೂ, ಆ ಸೀರೆಯೆಲ್ಲಿ, ಇದೆಲ್ಲಿ! ಇದನ್ನ ತೊಟ್ರೆ ಜನ ನಗ್ತಾರೆ.”

“ಅದು ನಿಮ್ಮ ಸೀರೆಯದೇ ಇನ್ನೊಂದು ತುದಿ, ಅಮ್ಮಾ.”

ಪಕ್ಕದಲ್ಲಿ ಲೈನಿಂಗ್ ಬಟ್ಟೆ ಕೊಳ್ಳುತ್ತಿದ್ದವರು ಬಾಯಿಗೆ ಸೆರಗು ಅಡ್ಡ ಹಿಡಿದರು. ವಿಶಾಲಾಕ್ಷಮ್ಮ ಆ ತುದಿ ನೋಡಿದರು, ಈ ತುದಿ ನೋಡಿದರು. ಸೋಲೊಪ್ಪುವ ಜೀವ ಅದಲ್ಲ.

“ನೋಡಿದ್ಯಾ, ಈಗಿನ ಸೀರೆಗಳ ಹಣೆಬರಹ! ಒಂದು ತುದಿಗೂ ಇನ್ನೊಂದು ತುದಿಗೂ ಹೊಂದಲ್ಲ. ನಾನಾಗಿದ್ದಕ್ಕೆ ಕಂಡುಹಿಡಿದೆ.”

“ನಿಜ, ಅಮ್ಮಾ,” ಎಂದು ಅವನು ವಿನಯದಿಂದ ಕತ್ತರಿ ಎತ್ತಿಕೊಂಡ. “ಹಾಗಾದ್ರೆ ಬ್ಲೌಸ್ ಪೀಸ್ ಎರಡು ಕತ್ತರಿಸ್ಲಾ? ತುದಿಗೊಂದು?”